ಮಲಗಿದಾಗಿನ ನಾಡಿ

ನಮ್ಮ ಮನೆಯಲ್ಲಿ ಡಾಕ್ಟರು ಬರುವ ಮೊದಲು ರೋಗಿಯನ್ನು ಮಲಗಿಸುತ್ತೇವೆ. ಪಡಸಾಲೆಯ ಹೊರಸಿನ ಮೇಲೆ ಒಗೆದ ಚಾದರ ಹಾಸಿ, ಎದೆಯ ತನಕ ಕೌದಿ ಹೊದಿಸಿ, ಬಾಜೂಕ ಒಂದು ಸ್ಟೂಲಿಟ್ಟು ಅದರ ಮೇಲೆ ತಂಬಿಗೆಯಲ್ಲಿ ನೀರಿಡುತ್ತೇವೆ. ಓಡಾಡಿಕೊಂಡಿರುವವರನ್ನು ತೋರಿಸಿದರೆ ಡಾಕ್ಟರನ್ನು ಸುಮ್ಮನೆ ಕರೆಸಿದ ಹಾಗೆ ಆಗುತ್ತದೆ ಎಂದು ನಮ್ಮ ಅತ್ತೆಯವರ ಭಾವನೆ. ಅವರ ಅತ್ತೆಯೂ ಹೀಗೇ ಮಾಡುತ್ತಿದ್ದರಂತೆ. ಡಾಕ್ಟರು ಬಂದು, ಕುರ್ಚಿಯಲ್ಲಿ ಕೂತು, ಚಹಾ ಕುಡಿದು, ಮಳೆಯ ಮಾತಾಡಿ, ಆಮೇಲೆ ರೋಗಿಯ ಕೈ ಹಿಡಿಯುತ್ತಾರೆ. ಅಲ್ಲಿಯವರೆಗೆ ರೋಗಿ ಅಲುಗಾಡದೆ ಮಲಗಿರಬೇಕು.

ನನ್ನ ಮೈದುನನ ಹೆಂಡತಿಯ ಕೈಯನ್ನು ಹೀಗೆ ಎಷ್ಟು ಮಂದಿ ಹಿಡಿದು ನೋಡಿದರೋ. ಊರಿಗೆ ಬೈಕಿನಲ್ಲಿ ಬರುವ ಡಾಕ್ಟರು ನೋಡಿದರು. ಕುಂದಗೋಳದಲ್ಲಿ ಇಬ್ಬರು ನೋಡಿದರು. ಅಲ್ಲಿಯೂ ಅತ್ತೆಯವರು, "ಹಗೂರಕ ಮಲ್ಕೋಳವಾ, ದಣದೀ," ಎಂದು ಮೊದಲು ಬೆಂಚಿನ ಮೇಲೆ ಮಲಗಿಸಿ, ಪಾಳಿ ಬರುವ ತನಕ ಸೆರಗಿನಿಂದ ಗಾಳಿ ಹಾಕಿದರು. ಎಲ್ಲರೂ ಹೇಳಿದ್ದು ಒಂದೇ ಮಾತು.

"ನಾಡಿ ಛಲೋ ಐತಿ. ಬಿಪಿ ಛಲೋ ಐತಿ. ಅಶಕ್ತಿ ಅಷ್ಟ. ಖಜೂರ, ಬೆಲ್ಲ, ಶೇಂಗಾ ತಿನ್ನಸ್ರಿ."

ಅವಳು ನನಗೆ ನೆಗೆಣ್ಣಿಯಾದರೂ ನಾನು ತಂಗಿ ಎಂದೇ ಕರೆಯುತ್ತಿದ್ದೆ. ಕಲಘಟಗಿ ತಾಲೂಕಿನ ದುಮ್ಮವಾಡದ ಕಡೆಯವಳು. ನಮ್ಮದು ಕುಂದಗೋಳದ ಎರೆಭೂಮಿ. ಬಂದ ಹೊಸತರಲ್ಲಿ ಮಳೆಗಾಲದಲ್ಲಿ ಹೊಲಕ್ಕೆ ಹೋಗಿ ಬರಿಗಾಲಲ್ಲಿ ತಿರುಗಿ ಬಂದಿದ್ದಳು. "ಅಕ್ಕಾ, ನಿಮ್ಮ ಮಣ್ಣು ಎರಡೂ ಚಪ್ಪಲಿ ಕಸಗೊಂಡ್ತು ನೋಡ್ರಿ. ನಾಳೆ ಸೀರಿ ಕೇಳಿದ್ರ ಏನ್ ಮಾಡ್ಲಿ?" ಎಂದು ನಗಿಸಿದ್ದಳು. ಅತ್ತೆಯವರೂ ನಕ್ಕಿದ್ದರು. ಅವಳು ಬಂದ ಮೇಲೆ ಅಡುಗೆಮನೆಯಲ್ಲಿ ನಗು ಇತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಆಗ ಅದು ಇದ್ದೇ ಇರುವಂಥದ್ದು ಎಂದುಕೊಂಡಿದ್ದೆ.

ಎರಡನೆಯ ಮಳೆಗಾಲದಲ್ಲಿ ಓಣಿಗೆಲ್ಲ ಜ್ವರ ಬಂತು. ನಮ್ಮ ಮನೆಯಲ್ಲಿ ಮೂವರು ಮಲಗಿದೆವು. ಉಳಿದಿಬ್ಬರು ಎದ್ದೆವು, ಅವಳೂ ಎದ್ದಳು. ಆದರೆ ಅವಳು ನಿಲ್ಲುವ ರೀತಿ ಬದಲಾಯಿತು. ನಾನು ಓದಿದ್ದು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ. ಸಿಸ್ಟರುಗಳು ನಮಗೆ ಕಲಿಸಿದ್ದರಲ್ಲಿ ನನ್ನೊಳಗೆ ಉಳಿದಿದ್ದು ನೇರ ನಿಲ್ಲುವುದು, ಹಗುರ ಮಾತಾಡುವುದು, ಇನ್ನೊಬ್ಬರ ಸಣ್ಣಪುಟ್ಟದ್ದನ್ನು ಗಮನಿಸುವುದು. ಹಾಗಾಗಿ ಗಮನಿಸಿದೆ. ಅವಳು ನಿಂತಾಗ ಒಂದು ಪಾದವನ್ನು ಇನ್ನೊಂದರ ಮೇಲೆ ಹೆಣೆಯುತ್ತಿದ್ದಳು. ಬಾಗಿಲ ಚೌಕಟ್ಟು ಸಿಕ್ಕರೆ ಭುಜ ಆನಿಸುತ್ತಿದ್ದಳು. ಭಾಂಡೆ ತಿಕ್ಕಲು ನಿಂತರೆ ಸ್ವಲ್ಪ ಹೊತ್ತಿಗೆ ಪಾದಗಳು ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣಕ್ಕೆ ತಿರುಗುತ್ತಿದ್ದವು. ತಣ್ಣೀರಿಗೆ ಹಾಗಾಗಿರಬೇಕು ಎಂದು ನಾನು ಬಿಸಿನೀರು ಕೊಟ್ಟೆ. ಬಿಸಿನೀರಿಗೆ ಇನ್ನೂ ಜಾಸ್ತಿಯಾಯಿತು.

ನಮ್ಮ ಅಡುಗೆಮನೆ ಹೊಸದು. ಮೊದಲು ನೆಲದ ಮೇಲೆ ಒಲೆ ಇತ್ತು. ಹೆಂಗಸರು ಮಣೆ ಹಾಕಿಕೊಂಡು ಕೂತೇ ರೊಟ್ಟಿ ಬಡಿಯುತ್ತಿದ್ದರು, ಕೂತೇ ಹೆಚ್ಚುತ್ತಿದ್ದರು. ಮೈದುನನ ಮದುವೆಗೆ ಮುಂಚೆ ಕರಿ ಗ್ರಾನೈಟಿನ ಕಟ್ಟೆ ಕಟ್ಟಿಸಿ ಅದರ ಮೇಲೆ ಗ್ಯಾಸು ಇಟ್ಟೆವು. ಬರುವ ಸೊಸೆ ಹೊಗೆಯಲ್ಲಿ ಕೂಡಬಾರದು ಎಂದು ಅತ್ತೆಯವರೇ ಹಟ ಹಿಡಿದು ಕಟ್ಟಿಸಿದ್ದು. ಬಂದವರಿಗೆಲ್ಲ ತೋರಿಸುತ್ತಿದ್ದರು. ಅದೇ ಕಟ್ಟೆಯ ಮುಂದೆ ಅವಳು ನಾಲ್ಕು ರೊಟ್ಟಿ ಬಡಿದು, ಐದನೆಯದಕ್ಕೆ ಹಿಟ್ಟಿನ ಕೈಯಲ್ಲೇ ನೆಲಕ್ಕೆ ಕೂತುಬಿಡುತ್ತಿದ್ದಳು.

"ಏನಾತಬೇ?" ಎಂದರೆ, "ಕಣ್ಣಿಗೆ ಕಪ್ಪು ಬಂತ್ರಿ. ಎದಿ ಓಡಾಕತ್ತೈತಿ. ನಾನೇನು ಓಡಿಲ್ಲ, ಅದೊಂದ ಓಡಾಕತ್ತೈತಿ," ಎನ್ನುತ್ತಿದ್ದಳು.

ಡಾಕ್ಟರನ್ನು ಕರೆಸುವುದು, ಮಲಗಿಸುವುದು. ಕೌದಿಯ ಕೆಳಗೆ ಅವಳ ಎದೆ ಮೆಲ್ಲಗೆ ಶಾಂತವಾಗುವುದು. ಅವರು ಗಡಿಯಾರ ನೋಡಿ ನಾಡಿ ಎಣಿಸಿ, "ಎಪ್ಪತ್ತು ಚಿಲ್ಲರೆ. ನನಗಿಂತ ಛಲೋ ಐತಿ," ಎನ್ನುವುದು. ಅವರು ಬೈಕು ಹತ್ತಿದ ಮೇಲೆ ಅವಳು ಏಳುವುದು, ಕಪ್ಪು ಬರುವುದು.

ಬೇಸಿಗೆಯ ಹೊತ್ತಿಗೆ ಅತ್ತೆಯವರ ತಾಳ್ಮೆ ತೆಳ್ಳಗಾಯಿತು. ಅವರು ಕೆಟ್ಟವರಲ್ಲ. ಬಸುರಿಯಿದ್ದಾಗ ಕಣದಲ್ಲಿ ನಿಂತು ರಾಶಿ ಮಾಡಿದವರು, ಆಳುಗಳಿಗೆ ಬುತ್ತಿ ಕಟ್ಟಿ ತಾವೇ ತಲೆಯ ಮೇಲೆ ಹೊತ್ತು ಹೊಲಕ್ಕೆ ಹೋದವರು. ಕಾಲು ಅನ್ನುವುದು ನಿಲ್ಲುವುದಕ್ಕೇ ಇದೆ ಎಂದು ನಂಬಿದವರು. ಒಂದು ದಿನ ಮೆಣಸಿನಕಾಯಿ ಹರವುವಾಗ ನನಗೆ ಹೇಳಿದರು.

"ಮಲ್ಕೊಂಡ್ರ ಆರಾಮ ಅಂತಾಳ, ಎದ್ರ ಬ್ಯಾನಿ ಅಂತಾಳ. ಅದಕ್ಕ ನಮ್ಮ ಕಾಲದಾಗ ಒಂದ ಹೆಸರಿತ್ತು. ಆಳಸ ಅಂತಿದ್ರು."

ಅವಳು ಒಳಗೆ ಕೇಳಿಸಿಕೊಂಡಿದ್ದಳು. ಸಂಜೆ ನನ್ನ ಹತ್ತಿರ ಬಂದು, "ಅಕ್ಕಾ, ಖರೇನ ಆಳಸ ಇರಬಹುದೇನ್ರಿ? ಒಳಗ ಹೊಕ್ಕು ಕುಂತಿದ್ರ ನಮಗ ಗೊತ್ತಾಗ್ತೈತೇನ್ರಿ?" ಎಂದು ಕೇಳಿದಳು. ತಮಾಷೆಗೆ ಕೇಳಿದಳೆಂದು ನಗಲು ಹೋದೆ. ಅವಳು ನಗುತ್ತಿರಲಿಲ್ಲ.

ಶ್ರಾವಣ ಬಂದಾಗ ಅತ್ತೆಯವರು ಒಂದು ಹರಕೆ ಹೊತ್ತರು. ಶ್ರಾವಣ ಮುಗಿಯುವ ತನಕ ಉಪ್ಪು ಬಿಡುವುದು. ತಾವೂ ಬಿಟ್ಟರು, ಅವಳಿಗೂ ಬಿಡಿಸಿದರು. "ಇಬ್ಬರೂ ಕೂಡಿ ಬಿಟ್ರ ದೇವರಿಗೆ ಲಗೂನ ಮುಟ್ಟತೈತಿ," ಎಂದು ಅವಳ ಗಲ್ಲ ಸವರಿದರು. ಸಪ್ಪನ ಬ್ಯಾಳಿ, ಸಪ್ಪನ ಪಲ್ಯೆ, ಉಪ್ಪಿಲ್ಲದ ಮಜ್ಜಿಗೆ. ಅವಳು ಒಂದು ತುತ್ತೂ ಕದಿಯಲಿಲ್ಲ. ಪಾಸಾಗಬೇಕೆಂದು ಓದುವ ಹುಡುಗಿಯ ಹಾಗೆ ಶ್ರದ್ಧೆಯಿಂದ ತಿಂದಳು. ಮೂರನೆಯ ವಾರಕ್ಕೆ ಗೋಡೆ ಹಿಡಿಯದೆ ಹಿತ್ತಲಿಗೆ ಹೋಗಲಾರದಂತಾದಳು. ಸಂಜೆ ಮಂಗಳಾರತಿಗೆ ಎಲ್ಲರೂ ನಿಂತಾಗ, ಕೈ ಮುಗಿದುಕೊಂಡೇ, ಮರದ ಕೊಂಬೆ ಬಿದ್ದಂತೆ ಬಿದ್ದಳು. ಹಣೆಯ ವಿಭೂತಿಯ ಮೇಲೆ ರಕ್ತ ಬಂತು. ಅತ್ತೆಯವರು ಆರತಿ ತಟ್ಟೆ ಕೆಳಗಿಟ್ಟು ಅವಳ ತಲೆಯನ್ನು ತಮ್ಮ ತೊಡೆಯ ಮೇಲೆ ತೆಗೆದುಕೊಂಡು ಅತ್ತರು. ಅದನ್ನೂ ನಾನು ನೋಡಿದ್ದೇನೆ.

ಮರುದಿನ ಅವಳು ಮಲಗಿದ್ದಾಗ, ಕೊರೋನಾದ ಕಾಲದಲ್ಲಿ ತಂದಿಟ್ಟಿದ್ದ, ಬೆರಳಿಗೆ ಕಚ್ಚಿಸುವ ಆ ಸಣ್ಣ ಮಷೀನು ನೆನಪಾಗಿ ಅವಳ ಬೆರಳಿಗೆ ಹಾಕಿದೆ. ನಾಡಿ ಎಪ್ಪತ್ನಾಲ್ಕು. ನಾನೂ ಡಾಕ್ಟರುಗಳ ಹಾಗೆಯೇ ಸಮಾಧಾನಪಟ್ಟೆ. ತೆಗೆಯುವಷ್ಟರಲ್ಲಿ ಅತ್ತೆಯವರು ಗಂಜಿ ತೆಗೆದುಕೊಂಡು ಒಳಗೆ ಬಂದರು. ನಮ್ಮಲ್ಲಿ ಅತ್ತೆ ಬಂದರೆ ಸೊಸೆ ಎದ್ದು ನಿಲ್ಲಬೇಕು. ಯಾರೂ ಹೇಳುವುದಿಲ್ಲ, ಮೈ ತಾನೇ ಏಳುತ್ತದೆ. ಅವಳು ಎದ್ದು ನಿಂತಳು. ಮಷೀನು ಬೆರಳಲ್ಲೇ ಇತ್ತು. ಅತ್ತೆಯವರು ಗಂಜಿಗೆ ತುಪ್ಪ ಹಾಕಿದ್ದೇನೆ, ಬಿಸಿಯಿದ್ದಾಗಲೇ ಕುಡಿ ಎನ್ನುತ್ತಿದ್ದರು. ನಾನು ಅಂಕಿ ನೋಡುತ್ತಿದ್ದೆ. ತೊಂಬತ್ತು, ನೂರಾ ಹತ್ತು, ನೂರಾ ಮೂವತ್ತು ದಾಟಿತು. ಅವಳು ನಿಂತಿದ್ದಳು ಅಷ್ಟೆ. ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ.

"ಕುಂದ್ರಬೇ, ಕುಂದ್ರು," ಎಂದು ಕೈ ಹಿಡಿದು ಕೂರಿಸಿದೆ. ಅಂಕಿ ಇಳಿಯತೊಡಗಿತು.

ಕಾನ್ವೆಂಟಿನಲ್ಲಿ ಬೆಳಗಿನ ಪ್ರಾರ್ಥನೆಗೆ ಮೈದಾನದಲ್ಲಿ ನಿಂತಾಗ ಒಬ್ಬಿಬ್ಬರು ಹುಡುಗಿಯರು ಕುಸಿಯುತ್ತಿದ್ದರು. ಅವರನ್ನು ಒಳಗೆ ಮಲಗಿಸಿ ಉಪ್ಪು ಸಕ್ಕರೆಯ ನೀರು ಕೊಡುತ್ತಿದ್ದರು. ಬೆಳಿಗ್ಗೆ ತಿಂದು ಬಂದಿಲ್ಲ ಎನ್ನುತ್ತಿದ್ದರು. ಎರಡನೆಯ ಪಿರಿಯಡ್ಡಿಗೆ ಅವರು ಕ್ಲಾಸಿನಲ್ಲಿ ಕೂತಿರುತ್ತಿದ್ದರು. ಅದು ದಿನಾಲೂ, ಎದ್ದಾಗಲೆಲ್ಲ ಆಗುವ ಬದುಕೊಂದು ಇರಬಹುದು ಎಂದು ನನಗೆ ಹೊಳೆದಿರಲಿಲ್ಲ.

ಮೈದುನ ಅವಳನ್ನು ಹುಬ್ಬಳ್ಳಿಗೆ ಕರೆದೊಯ್ದ. ನಾನೂ ಹೋದೆ. ಅಲ್ಲಿನ ಹೃದಯದ ಡಾಕ್ಟರು ವಯಸ್ಸಾದವರು, ಅವಸರವಿಲ್ಲದವರು. ಮಲಗಿಸಿ ನೋಡಿದರು. ನಾನು ಮಷೀನಿನ ವಿಷಯ ಹೇಳಿದ ಮೇಲೆ ನಿಲ್ಲಿಸಿ, ಗೋಡೆಯನ್ನು ಮುಟ್ಟದಂತೆ ಹೇಳಿ, ಮತ್ತೆ ಮತ್ತೆ ನೋಡಿದರು. ಅವಳ ತುಟಿ ಬಿಳುಪಾಯಿತು. ಡಾಕ್ಟರು ತಾವೇ ಎದ್ದು ಕುರ್ಚಿ ಸರಿಸಿ ಕೊಟ್ಟರು.

"ಮಲಗಿದಾಗಿನ ನಾಡಿ ನೋಡಿದವರು ಯಾರಾದರೂ ಮೋಸ ಹೋಗತಾರ," ಎಂದರು. "ಎದ್ದು ನಿಂತಾಗ ರಕ್ತ ಕಾಲಿಗೆ ಇಳೀತದ. ಎಲ್ಲರಿಗೂ ಇಳೀತದ, ಆದರ ನಮ್ಮ ಮೈ ಅದನ್ನ ಹಿಡಕೊಂಡು ಮ್ಯಾಲೆ ಕಳಸ್ತದ. ಈಕಿ ಮೈ ಕಳಸೂದು ಮರತದ. ಅದಕ್ಕ ಹೃದಯ ಒಂದ ಸವನ ಓಡತದ. ಜ್ವರ ಬಂದು ಹೋದ ಮ್ಯಾಲೆ ಕೆಲವರಿಗೆ ಹಿಂಗಾಗತದ. ಪ್ರಾಣಕ್ಕ ಅಪಾಯ ಇಲ್ಲ. ಉಪ್ಪು, ನೀರು ಜಾಸ್ತಿ. ಬಿಗಿ ಕಾಲುಚೀಲ. ಕೂತು ಮಾಡೂ ವ್ಯಾಯಾಮ. ಟೈಮ್ ಹಿಡೀತದ."

ಒಂದು ಉದ್ದನೆಯ ಹೆಸರು ಬರೆದುಕೊಟ್ಟರು. ಅವಳು ಆ ಚೀಟಿಯನ್ನು ಬಸ್ಸಿನಲ್ಲಿ ತಿರುತಿರುಗಿ ನೋಡಿದಳು. "ಅಕ್ಕಾ, ಆಳಸಕ್ಕ ಇಷ್ಟ ಉದ್ದ ಹೆಸರು ಇಡೂದಿಲ್ಲಲ್ರಿ?" ಎಂದಳು. ಬಹಳ ದಿನಗಳ ಮೇಲೆ ಅವಳ ಹಲ್ಲು ಕಂಡವು.

ಮನೆಗೆ ಬಂದು ಅತ್ತೆಯವರಿಗೆ ನಾನೇ ಬಿಡಿಸಿ ಹೇಳಿದೆ. ಎಷ್ಟು ಜಾಗರೂಕಳಾಗಿ ಹೇಳಿದರೂ ಹೇಳಬೇಕಾದದ್ದು ಅದೇ ತಾನೆ. ಮಲಗಿದರೆ ಆರಾಮ, ನಿಂತರೆ ತ್ರಾಸು. ಅತ್ತೆಯವರು ಕೊನೆಯ ತನಕ ಕೇಳಿದರು.

"ಅದನ್ನ ಹೇಳಿದ್ನಲ್ಲಬೇ ನಾ," ಎಂದರು. "ದೊಡ್ಡ ಡಾಕ್ಟರೂ ಅದನ್ನ ಅಂದ್ರು. ಪ್ರಾಣಕ್ಕ ಅಪಾಯ ಇಲ್ಲ ಅಂತನೂ ಅಂದ್ರು."

ನಾವು ಹುಬ್ಬಳ್ಳಿಯಿಂದ ತಂದ ಸತ್ಯ ಈ ಮನೆಯಲ್ಲಿ ಅವಳ ವಿರುದ್ಧವೇ ಸಾಕ್ಷಿ ಹೇಳುತ್ತದೆ ಎಂದು ನಾನು ಎಣಿಸಿರಲಿಲ್ಲ. ಅದಕ್ಕಿಂತ ದೊಡ್ಡ ನೋವು ಉಪ್ಪಿನದು. ಹರಕೆ ಮುಗಿಯುವ ಮೊದಲೇ ಅವಳು ಉಪ್ಪು ತಿನ್ನಬೇಕಾಯಿತು. ಅತ್ತೆಯವರು ಬೇಡವೆನ್ನಲಿಲ್ಲ. ತಾವು ಮಾತ್ರ ಒಬ್ಬರೇ ಸಪ್ಪನ ಊಟ ಮುಂದುವರಿಸಿದರು. ಎದುರಿಗೆ ಕೂತು ಅವಳು ಉಪ್ಪು ಕದಡಿದ ಮಜ್ಜಿಗೆಯನ್ನು ತಲೆ ತಗ್ಗಿಸಿ ಕುಡಿಯುತ್ತಿದ್ದಳು. ಇಬ್ಬರ ನಡುವೆ ಮಾತು ಅಲ್ಲಿಂದ ಕಡಿಮೆಯಾಯಿತು.

ಅವಳು ಪ್ರಯತ್ನ ಬಿಡಲಿಲ್ಲ. ಏಪ್ರಿಲ್ ಬಿಸಿಲಿನಲ್ಲೂ ತೊಡೆಯ ತನಕ ಬಿಗಿ ಕಾಲುಚೀಲ ಹಾಕುತ್ತಿದ್ದಳು. ಬಿಚ್ಚಿದಾಗ ಚರ್ಮದ ಮೇಲೆ ಗೆರೆಗಳು ಮೂಡಿರುತ್ತಿದ್ದವು. ಕಟ್ಟೆ ಬಿಟ್ಟು, ನೀರು ಕಾಯಿಸುವ ಹಿತ್ತಲ ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದಳು. ಆಗ ಎಷ್ಟು ಬೇಕಾದರೂ ಬಡಿಯುತ್ತಿದ್ದಳು, ಅದೂ ಹಾಡುತ್ತ. ಆದರೆ ಬಾಜು ಮನೆಯವಳು ಗೋಡೆಯ ಮೇಲಿಂದ ಇಣುಕಿ, "ಏನವಾ, ಒಳಗ ಕಲ್ಲಿನ ಕಟ್ಟಿ ಇಟಗೊಂಡು ಸೊಸೀನ ಹೊಗ್ಯಾಗ ಕುಂದ್ರಿಸ್ಯಾರಲ್ಲ ನಿಮ್ಮತ್ತಿ," ಎಂದಳು. ಆ ಮಾತು ಓಣಿ ಸುತ್ತಿ ಅತ್ತೆಯವರ ಕಿವಿಗೆ ಬಂತು. ಬೀಗರು ಬಂದಾಗ ಅವಳು ನಿಂತು ನೀರು ಕೊಡಲಿಲ್ಲ ಎನ್ನುವ ಮಾತೂ ಸುತ್ತಿತು.

ಮೈದುನ ಒಳ್ಳೆಯವನೇ. ಮೊದಮೊದಲು ಅವಳ ಮೀನಖಂಡ ಒತ್ತುತ್ತಿದ್ದ. ಆಮೇಲೆ ಟ್ರ್ಯಾಕ್ಟರಿನ ಕೆಲಸ ಎಂದು ತಡವಾಗಿ ಬರತೊಡಗಿದ. ಒಮ್ಮೆ ನನಗೆ, "ವೈನಿ, ಹುಡುಗ್ರು ನಗ್ತಾರ್ರಿ. ನಿನ್ನ ಹೆಂಡ್ತಿ ಕುಂತಲ್ಲೇ ರಾಣಿ ಅಂತಾರ," ಎಂದ. ನಾನು, "ನೀ ಏನಂದಿ?" ಎಂದೆ. ಅವನು ಚಪ್ಪಲಿಯ ಮಣ್ಣು ಕೆರೆಯತೊಡಗಿದ.

ಕೊನೆಗೆ ಹಿರಿಯರನ್ನು ಕೂರಿಸುವುದೆಂದಾಯಿತು. ಅವಳನ್ನು ಇಟ್ಟುಕೊಳ್ಳುವುದೋ ತವರಿಗೆ ಕಳಿಸಿ ಸೋಡಚೀಟಿ ಬರೆಸಿ ಸಂಬಂಧ ಕಡಿದುಕೊಳ್ಳುವುದೋ ಎನ್ನುವ ಮಾತು. ಆ ಬೆಳಿಗ್ಗೆ ನಾನು ಅವಳ ತಲೆ ಬಾಚಿದೆ. "ಅಕ್ಕಾ, ನಿಂತ್ರ ನನಗ ಮಾತ ಸಿಗೂದಿಲ್ಲ," ಎಂದಳು. "ತಲ್ಯಾಗ ಮಂಜು ತುಂಬತೈತಿ. ಕೇಳಿದ್ದು ಒಂದು ಕಡೆ, ಬಾಯಿ ಒಂದು ಕಡೆ. ಕುಂತ್ರ ಎಲ್ಲಾ ಹೇಳ್ತೀನಿ. ನನಗ ಹೋಗಾಕ ಮನಸ್ಸಿಲ್ಲ." ಏನು ಹೇಳಬೇಕೆಂದು ನನ್ನ ಮುಂದೆ ಒಮ್ಮೆ ಹೇಳಿ ತೋರಿಸಿದಳು. ನನಗೆ ಧೈರ್ಯ ಬಂತು.

ಪಡಸಾಲೆಯಲ್ಲಿ ಜಮಖಾನ ಹಾಸಿ ಎರಡೂ ಕಡೆಯ ಹಿರಿಯರು ಕೂತಿದ್ದರು. ಅವಳ ಅಣ್ಣ ಬಂದಿದ್ದ. ಹೆಂಗಸರು ಹಿರಿಯರ ಮುಂದೆ ಕೂಡುವುದಿಲ್ಲ, ಒಳಬಾಗಿಲಲ್ಲಿ ನಿಂತು ಮಾತಾಡಬೇಕು. ಅವಳನ್ನು ಕರೆದರು. ಅವಳು ಬಾಗಿಲಿಗೆ ಬಂದು, ಶರಣು ಮಾಡಿ, ಸೆರಗು ಸರಿಮಾಡಿಕೊಂಡು, ಹೊಸ್ತಿಲ ಮೇಲೆ ಕೂತಳು.

"ನಾ ಕುಂತು ಮಾತಾಡ್ತೀನ್ರಿ, ತಪ್ಪು ತಿಳ್ಕೋಬ್ಯಾಡ್ರಿ," ಎಂದಳು. ದನಿ ಸ್ಪಷ್ಟವಾಗಿತ್ತು. "ಕುಂತು ಮಾಡೂ ಕೆಲಸ ಎಷ್ಟೈತಿ ಅಷ್ಟೂ ಮಾಡ್ತೀನಿ. ರೊಟ್ಟಿ ಬಡೀತೀನಿ, ಕಾಳು ಹಸನ ಮಾಡ್ತೀನಿ, ಮೆಣಸಿನಕಾಯಿ ತುಂಬು ಮುರೀತೀನಿ..."

ಅಷ್ಟರಲ್ಲಿ ನಮ್ಮ ಕಡೆಯ ಹಿರಿಯರೊಬ್ಬರು ಅವಳ ಅಣ್ಣನತ್ತ ತಿರುಗಿದರು. "ಏನಪಾ, ಹಿರ್ಯಾರ ಮುಂದ ಹೊಸ್ತಿಲದಾಗ ಕುಂದ್ರೂದು ನಿಮ್ಮ ಕಡೆ ಪದ್ಧತಿ ಐತೇನು? ಮನಿಗೆ ಒಳ್ಳೇದಲ್ಲ ಅನ್ನೂದೂ ಹೇಳಿಲ್ಲೇನು?"

ಅಣ್ಣನ ಮುಖ ಕೆಂಪಾಯಿತು. ತಂಗಿಯ ಮಾನ ಉಳಿಸಬೇಕೆಂದೇ ಅವನು ಅಂದದ್ದು. "ಏಳವಾ. ಎದ್ದು ನಿಂದ್ರು."

ಅವಳು ಅಣ್ಣನನ್ನು ನೋಡಿದಳು. ಒಂದು ಕ್ಷಣ ನನ್ನನ್ನೂ ನೋಡಿದಳು. "ಅಕಿಗೆ ನಿಲ್ಲಾಕ ಆಗೂದಿಲ್ರಿ, ಡಾಕ್ಟರು ಹೇಳ್ಯಾರ," ಎಂದೆ. "ನಿನ್ನ ಕೇಳಿಲ್ಲವಾ, ಸುಮ್ಮನಿರು," ಎಂದರು ಆ ಹಿರಿಯರು. ಅವಳು ಚೌಕಟ್ಟು ಹಿಡಿದು ಎದ್ದಳು.

ಆಮೇಲೆ ಹಿರಿಯರು ತಮ್ಮತಮ್ಮೊಳಗೆ ಬಹಳ ಹೊತ್ತು ಮಾತಾಡಿದರು. ಬಿತ್ತನೆ ಬೀಜದ ಮಾತು, ಹಿಂದೆ ಯಾರದೋ ಮನೆಯಲ್ಲಿ ಹೀಗಾದ ಮಾತು. ನಾನು ಅವಳ ಪಾದಗಳನ್ನೇ ನೋಡುತ್ತಿದ್ದೆ. ಕಾಲುಚೀಲ ಹಾಕಿರಲಿಲ್ಲ, ಹಿರಿಯರ ಮುಂದೆ ಚಂದ ಕಾಣುವುದಿಲ್ಲ ಎಂದು ಬಿಚ್ಚಿಟ್ಟಿದ್ದಳು. ಬೆರಳುಗಳು ಮೊದಲು ಕೆಂಪಾದವು, ಆಮೇಲೆ ನೀಲಿ. ಅವಳ ಕಣ್ಣು ಎದುರಿನ ಗೋಡೆಯಲ್ಲಿ ನಟ್ಟಿತ್ತು. ಆ ಹೊತ್ತಿಗೆ ಅದೇ ಹಿರಿಯರು ಕೇಳಿದರು.

"ನೋಡವಾ, ನಿನಗ ಜುಲುಮಿ ಇಲ್ಲ. ತವರಮನಿಗೆ ಹೋಗಾಕ ನಿನ್ನ ಒಪ್ಪಿಗಿ ಐತಿಲ್ಲೋ?"

"ಹೂನ್ರಿ," ಎಂದಳು.

ಅವಳ ದನಿ ಬಹಳ ದೂರದಿಂದ ಬಂದ ಹಾಗಿತ್ತು. ನಾನು, "ತಂಗೀ," ಎಂದೆ. "ಹೂನ್ರಿ, ಹೂನ್ರಿ," ಎಂದು ಮತ್ತೆ ಅಂದು, ಚೌಕಟ್ಟಿನಿಂದ ಜಾರಿ ಒಳಗೆ ನನ್ನ ಕೈಯಲ್ಲಿ ಬಿದ್ದಳು. ಹೊರಗೆ ಯಾರೋ, "ಅಕಿ ಬಾಯಿಂದನ ಬಂತಲ್ಲ, ಮುಗೀತು," ಎಂದರು. ಮೈದುನ ತಲೆ ಎತ್ತಲಿಲ್ಲ.

ಅಡುಗೆಮನೆಯ ನೆಲದ ಮೇಲೆ ಮಲಗಿಸಿ, ಕಾಲುಗಳನ್ನು ಹಿಟ್ಟಿನ ಡಬ್ಬಿಯ ಮೇಲೆ ಎತ್ತಿಟ್ಟೆ. ಮುಖಕ್ಕೆ ಬಣ್ಣ ತಿರುಗಿ ಬಂತು. ಕಣ್ಣು ತೆರೆದು, "ಏನ್ ಕೇಳಿದ್ರು ಅಕ್ಕಾ? ನಾ ಏನಂದೆ?" ಎಂದಳು.

ಹೇಳಿದೆ. ಅವಳು ಛತ್ತು ನೋಡುತ್ತ ಮಲಗಿದ್ದಳು. ನಾನು ಹೋಗಿ ಹೇಳುತ್ತೇನೆ, ಅದು ತಿಳಿದು ಅಂದ ಮಾತಲ್ಲ ಎಂದು ಬಿಡಿಸಿ ಹೇಳುತ್ತೇನೆ ಎಂದೆ. ಹೋಗಿ ಹೇಳಿದೆ ಕೂಡ. ಹಿರಿಯರ ಮುಂದೆ ಆಡಿದ್ದು ಆಡಿದ್ದೇ ಎಂದರು. ನನ್ನ ಯಜಮಾನರು ಮಾತ್ರ, "ಇನ್ನೊಮ್ಮೆ ಕೇಳಿ ನೋಡೂಣು," ಎಂದರು. ಅದಕ್ಕೆ ಅವಳೇ ಒಪ್ಪಲಿಲ್ಲ. "ಬ್ಯಾಡ್ರಿ ಅಕ್ಕಾ. ಇನ್ನೊಮ್ಮೆ ಕರದು ನಿಲ್ಲಸ್ತಾರ. ಮತ್ತ ಏನಂತೀನೋ ಏನೋ."

ಎಂಟು ದಿನ ಬಿಟ್ಟು ಅಣ್ಣ ಟೆಂಪೋ ತಂದ. ತವರಿನಿಂದ ಬಂದ ಕಪಾಟು, ಗಾದಿ, ಭಾಂಡೆಗಳನ್ನೆಲ್ಲ ಏರಿಸಿದರು. ಅವಳನ್ನು ಡ್ರೈವರಿನ ಬಾಜು ಕೂರಿಸುವುದೆಂದಾಗಿತ್ತು. ಹೊರಡುವ ಹೊತ್ತಿಗೆ ಅತ್ತೆಯವರು ಒಳಗಿನಿಂದ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಒಂದು ಹಸಿರು ಕುಪ್ಪಸದ ಖಣ ಇಟ್ಟುಕೊಂಡು ಬಂದರು. ಉಡಿ ತುಂಬಲು. ತವರಿಗೆ ಹೋಗಿ ಬರುವ ಹೆಣ್ಣುಮಗಳಿಗೆ ತುಂಬುವ ಉಡಿ. ತಿರುಗಿ ಬರದವಳಿಗೆ ತುಂಬುವುದನ್ನು ನಾನು ನೋಡಿರಲಿಲ್ಲ. ಯಾರೋ, "ಯಾಕಬೇ ಯಕ್ಕಾ, ಈಗ್ಯಾಕ ಇದು?" ಎಂದರು. ಅತ್ತೆಯವರು ಮಣೆ ಹಾಕಿ ಅವಳನ್ನು ಕೂರಿಸಿದರು. ಕುಂಕುಮ ಹಚ್ಚಿದರು. ಹುಬ್ಬಿನ ಮೇಲೆ ಸ್ವಲ್ಪ ಉದುರಿತು, ಅದನ್ನು ಹೆಬ್ಬೆರಳಿನಿಂದ ಒರೆಸಿದರು.

ಉಡಿ ತುಂಬಿಸಿಕೊಂಡವಳು ಅದರಲ್ಲಿನ ಒಂದು ಚಿಟಿಕೆ ಅಕ್ಕಿಯನ್ನು ತಿರುಗಿ ಮೊರಕ್ಕೆ ಹಾಕಿ ಹೋಗುವುದು ನಮ್ಮ ಮನೆಯ ರೂಢಿ. ಮತ್ತೆ ಬರುತ್ತೇನೆ ಎಂದು ಹಾಗೆ ಮಾಡುವುದು. ಅವಳು ಸೆರಗಿನ ಅಕ್ಕಿಗೆ ಬೆರಳು ಹಾಕಿ ತಡೆದಳು. ಹಾಕಬೇಕೋ ಬಾರದೋ ತಿಳಿಯದೆ ನನ್ನ ಮುಖ ನೋಡಿದಳು. ನನಗೂ ತಿಳಿಯಲಿಲ್ಲ. ಆಗ ಅತ್ತೆಯವರೇ ಬಾಗಿ, ಅವಳ ಉಡಿಯಿಂದ ಎರಡು ಬೆರಳಲ್ಲಿ ಅಕ್ಕಿ ತೆಗೆದು ಮೊರಕ್ಕೆ ಹಾಕಿಕೊಂಡರು. "ಹೋಗಿ ಬಾರವಾ," ಎಂದರು.

ಟೆಂಪೋ ಓಣಿಯ ತಿರುವು ದಾಟಿದ ಮೇಲೆ ಅವರು ಮೊರವನ್ನು ಒಳಗೆ ಒಯ್ದು ಅಕ್ಕಿಯ ಡಬ್ಬಿಗೆ ಸುರಿದು ಮುಚ್ಚಳ ಹಾಕಿದರು. ರಾತ್ರಿಯ ಅನ್ನಕ್ಕೆ ಅದೇ ಡಬ್ಬಿಯಿಂದ ಅಳೆದುಕೊಂಡೆ. ಎಲ್ಲರೂ ಉಂಡೆವು.